ಕೆಳಗಿನ ಮನೆಯ ರೈಟ್

ಭೂಕಂಪದಲ್ಲಿ ಟೈಲರಕ್ಕನ ಹೊಲಿಗೆ ಮಿಷಿನ್ನಿಗೆ ಏನೂ ಆಗಲಿಲ್ಲ. ಗೋಡೆ ಬಿರುಕುಬಿಟ್ಟಿತು, ಬೀರುವಿನ ಕನ್ನಡಿ ಚೂರಾಯಿತು, ಇಷ್ಟು ವರ್ಷ ಜೊತೆಗಿದ್ದ ಅಕ್ಕ ಉಟ್ಟ ಬಟ್ಟೆಯಲ್ಲೇ ತಮ್ಮನ ಮನೆಗೆ ಹೋದವರು ತಿರುಗಿ ಬರಲಿಲ್ಲ. ಮಿಷಿನ್ನು ಮಾತ್ರ ಕಿಟಕಿಯ ಪಕ್ಕ ಇದ್ದಲ್ಲೇ ಇತ್ತು. ಸೂಜಿಗೆ ಪೋಣಿಸಿದ್ದ ನೀಲಿ ದಾರವೂ ಹಾಗೇ ಇತ್ತು.

ಬಿರುಕುಗಳಿಗೆ ಸಿಮೆಂಟು ಮೆತ್ತಿ, ಇನ್ನು ವಾಸ ಮಾಡಬಹುದು ಎಂದು ಇಂಜಿನಿಯರು ಹೇಳಿದ ಮೇಲೆ ಟೈಲರಕ್ಕ ಒಬ್ಬರೇ ಮಹಡಿ ಹತ್ತಿದರು. ನೆಲ ಗುಡಿಸಿ, ಮಿಷಿನ್ನಿಗೆ ಎಣ್ಣೆ ಬಿಟ್ಟು, ಒಂದು ತುಂಡು ಬಟ್ಟೆ ಇಟ್ಟು ಪೆಡಲು ತುಳಿದರು. ಹಳೆಯ ಕಟ್ಟಡ, ಮಹಡಿಗೆ ಹಲಗೆಯ ನೆಲ. ಹಲಗೆಗಳು ಗಡಗಡ ಎಂದವು. ಮರುಕ್ಷಣವೇ ಬೀದಿಯಲ್ಲಿ ಕೂಗೆದ್ದಿತು.

"ಮತ್ತೆ ಅಲ್ಲಾಡ್ತು! ಹೊರಗೆ ಬನ್ರೋ!"

ಕಿಟಕಿಯಿಂದ ಬಗ್ಗಿ ನೋಡಿದರೆ, ಕೆಳಗಿನ ಮನೆಯ ಕಂಡಕ್ಟರಣ್ಣ. ಕೆಲಸದಿಂದ ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ದನಿ ಇನ್ನೂ ಬಸ್ಸಿನ ಹಿಂದಿನ ಸೀಟಿಗೆ ಮುಟ್ಟುವಂಥದ್ದು. ಅರ್ಧ ಮುಖಕ್ಕೆ ಸೋಪಿನ ನೊರೆ, ಕೈಯಲ್ಲಿ ರೇಜರು.

"ಭೂಮಿ ಅಲ್ಲಣ್ಣಾ, ನನ್ನ ಮಿಷಿನ್ನು!"

"ನಿನ್ನ ಮಿಷಿನ್ನಿಗಿಷ್ಟು ಬೆಂಕಿ ಹಾಕ! ಅರ್ಧ ಗಡ್ಡದಲ್ಲಿ ಬೀದಿಗೆ ತಂದು ನಿಲ್ಲಿಸಿದೆಯಲ್ಲ ತಂಗೀ!"

ಬೀದಿಯವರೆಲ್ಲ ನಕ್ಕರು. ಟೈಲರಕ್ಕನಿಗೆ ನಗು ಬರಲಿಲ್ಲ. ಅವರ ಕಾಲೂ ಪೆಡಲಿನಿಂದ ತಾನಾಗಿ ಮೇಲೆದ್ದಿತ್ತು. ನಡುಗಿದ್ದು ಮಿಷಿನ್ನೋ ನೆಲವೋ ಎಂದು ಅವರಿಗೂ ಗೊತ್ತಾಗಿರಲಿಲ್ಲ.

ಅಂದಿನಿಂದ ಅಳತೆಯ ಟೇಪನ್ನು ಗೋಡೆಯ ಮೊಳೆಗೆ ನೇತುಹಾಕಿದರು. ನಾಲ್ಕು ಹೊಲಿಗೆ ಹಾಕುವುದು, ನಿಲ್ಲಿಸುವುದು, ಟೇಪು ತೂಗುತ್ತಿದೆಯೇ ಎಂದು ನೋಡುವುದು. ಹೀಗಾದರೆ ಹೊಲಿಗೆ ನೆಟ್ಟಗೆ ಬರುವುದುಂಟೇ? ಒಂದು ಕಾಲಕ್ಕೆ ಉದ್ದನೆಯ ಅಂಚನ್ನು ಒಂದೇ ಓಟಕ್ಕೆ ಹೊಲಿಯುವುದೆಂದರೆ ಅವರಿಗೆ ಹಬ್ಬ. ತುದಿ ಮುಟ್ಟುವವರೆಗೂ ಮೂಗಿನಲ್ಲೇ ಏನೋ ಗುನುಗುತ್ತಿದ್ದರು. ಈಗ ಅಂಗೈಯಗಲದ ಜೇಬು ಹೊಲಿದರೂ ಎರಡು ಕಡೆ ಸೊಟ್ಟ.

ಅಕ್ಕ ಫೋನು ಮಾಡಿದರು. "ತಿಂಗಳ ಕೊನೆಗೆ ತಮ್ಮ ಗಾಡಿ ಕಳಿಸ್ತಾನೆ. ಮಿಷಿನ್ನು ಯಾರಿಗಾದ್ರೂ ಕೊಟ್ಟು ಬಂದ್ಬಿಡು."

"ಅಲ್ಲಿಗೆ ಬಂದು ಏನು ಮಾಡ್ಲಕ್ಕಾ?"

"ನಾನು ಮಾಡ್ತಿರೋದನ್ನೇ. ಕೂತ್ಕೊಂಡು ಉಣ್ಣೋದು."

ಬೇಡವೆನ್ನಲು ಟೈಲರಕ್ಕನ ಕೈಯಲ್ಲಿ ಕೆಲಸವಿರಲಿಲ್ಲ. ನೋಡೋಣ ಎಂದರು.

ದಾರಿ ತೋರಿಸಿದ್ದು ಕಂಡಕ್ಟರಣ್ಣನೇ. "ನಿನ್ನ ಮಿಷಿನ್ನೂ ಬಸ್ಸಿದ್ದ ಹಾಗೆ ತಂಗೀ, ಹೇಳದೆ ಕೇಳದೆ ಬಿಡಬಾರದು. ಮೊದಲು ಬೆಲ್ಲು ಹೊಡಿ. ನಾನು ರೈಟ್ ಅಂದ ಮೇಲೆ ಹೊರಡು."

ಹೊಲಿಯಲು ಕೂರುವ ಮೊದಲು ಟೈಲರಕ್ಕ ಮರದ ಸ್ಕೇಲಿನಿಂದ ನೆಲಕ್ಕೆ ಎರಡು ಸಲ ಬಡಿಯತೊಡಗಿದರು. ಕೆಳಗೆ ಕಂಡಕ್ಟರಣ್ಣ ಹೊಸ್ತಿಲ ಬಳಿ ಕುರ್ಚಿ ಹಾಕಿಕೊಂಡು, ಕಾಲಿಗೆ ಚಪ್ಪಲಿ ಮೆಟ್ಟಿಕೊಂಡೇ ಕೂತಿರುತ್ತಿದ್ದರು. ಭೂಕಂಪವಾದಾಗಿನಿಂದ ಅವರ ನಿದ್ದೆಯೂ ಆ ಕುರ್ಚಿಯಲ್ಲೇ. ಅಲ್ಲಿಂದಲೇ ಕೂಗುತ್ತಿದ್ದರು, "ನೆಲ ಗಟ್ಟಿ! ರೈಟ್!" ಒಮ್ಮೊಮ್ಮೆ, "ಹೋಲ್ಡಾನ್! ಕೈಯಲ್ಲಿ ಟೀ ಇದೆ!"

ಆ ಒಂದು ಕೂಗು ಕೇಳಿದರೆ ಟೈಲರಕ್ಕನ ಕಾಲಿಗೆ ಧೈರ್ಯ ಬರುತ್ತಿತ್ತು. ಟೇಪಿನ ಕಡೆ ಕಣ್ಣು ಹಾಯುವುದು ಕಡಿಮೆಯಾಯಿತು. ಸೊಟ್ಟ ಹೊಲಿಗೆ ನೆಟ್ಟಗಾಯಿತು. ಎಷ್ಟೋ ದಿನ ಆ ಕೋಣೆಗೆ ಬಂದ ಮನುಷ್ಯರ ದನಿ ಅದೊಂದೇ. ಮೆಟ್ಟಿಲಲ್ಲಿ ಎದುರಾದರೆ ಮಾತ್ರ ಇಬ್ಬರಿಗೂ ಮಾತು ತೋಚುತ್ತಿರಲಿಲ್ಲ. ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟು ಹೋಗುತ್ತಿದ್ದರು.

ತಿಂಗಳ ಕೊನೆಯಲ್ಲಿ ಒಂದು ಶಾಲೆಯ ಪರದೆಗಳು ಹೊಲಿಯಲು ಬಂದವು. ಎಲ್ಲವೂ ಉದ್ದನೆಯ ಅಂಚು. ಮಧ್ಯಾಹ್ನ ಊಟ ಮುಗಿಸಿ ಸ್ಕೇಲು ಬಡಿದರು. ಉತ್ತರವಿಲ್ಲ. ಮತ್ತೆ ಬಡಿದರು. ಇಲ್ಲ. ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿದರು.

ಹೊಸ್ತಿಲ ಕುರ್ಚಿ ಖಾಲಿ. ಬಾಗಿಲು ಓರೆಯಾಗಿತ್ತು. ಒಳಗೆ ಮಂಚದ ಮೇಲೆ ಕಂಡಕ್ಟರಣ್ಣ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಚಪ್ಪಲಿಗಳು ಮಂಚದ ಕೆಳಗಿದ್ದವು.

ಎಬ್ಬಿಸಲು ಮನಸ್ಸಾಗಲಿಲ್ಲ. ಕಳ್ಳಹೆಜ್ಜೆಯಲ್ಲಿ ಮೇಲೆ ಬಂದು ಮಿಷಿನ್ನಿನ ಮುಂದೆ ಸುಮ್ಮನೆ ಕೂತರು. ಪರದೆ ನಾಳೆಗೇ ಬೇಕಿತ್ತು. ಕೊನೆಗೆ ಮೆಲ್ಲನೆ ಒಮ್ಮೆ ತುಳಿದು ನಿಲ್ಲಿಸಿ ಕಿವಿಗೊಟ್ಟರು. ಗೊರಕೆ ನಿಂತಿರಲಿಲ್ಲ. ಇನ್ನಷ್ಟು ತುಳಿದರು. ಆಮೇಲೆ ನಿಲ್ಲಿಸಲಿಲ್ಲ. ಅಂಚಿನ ತುದಿ ಬಂದು ದಾರ ಕತ್ತರಿಸುವಾಗ, ತಾವು ಗುನುಗುತ್ತಿರುವುದು ಅವರ ಕಿವಿಗೇ ಬಿತ್ತು.

ಸಂಜೆ ಕೆಳಗಿನಿಂದ ಕೂಗು ಬಂತು. "ಏನು ತಂಗೀ, ಇವತ್ತು ಬಸ್ಸೇ ಬಿಡಲಿಲ್ವಾ?"

"ಬೇಕಾದಷ್ಟು ಟ್ರಿಪ್ಪಾಯ್ತಣ್ಣ. ನೀವು ಗೊರಕೆ ಹೊಡೀತಿದ್ರಿ."

"ಯಾರು, ನಾನಾ?" ಹೊಸ್ತಿಲಿನಿಂದ ಕುರ್ಚಿ ಒಳಗೆಳೆದ ಸದ್ದಾಯಿತು. "ಹಾಗಾದ್ರೆ ಇನ್ನು ಬೆಲ್ಲು ಬೇಡ ಬಿಡು. ಮನಸ್ಸು ಬಂದಾಗ ಹೊರಡು."

"ಹೂಂ ಅಣ್ಣ," ಎಂದರು ಟೈಲರಕ್ಕ. ಒಳಗೆ ಬಂದು ಅಕ್ಕನಿಗೆ ಫೋನು ಮಾಡಿದರು.

"ಗಾಡಿ ಬೇಡ ಅಂತ ತಮ್ಮನಿಗೆ ಹೇಳಕ್ಕಾ."

"ಒಬ್ಬಳೇ ಇರ್ತೀಯೇನೇ?"

"ಇರ್ತೀನಿ."

ಮರುದಿನ ಉಳಿದ ಪರದೆ ಹಿಡಿದು ಕೂತಾಗ ಕೈ ತಾನಾಗಿ ಸ್ಕೇಲಿನ ಕಡೆ ಹೋಯಿತು. ಎತ್ತಿಕೊಂಡವರು ಮತ್ತೆ ಅಲ್ಲೇ ಇಟ್ಟರು. ಮೊಳೆಯಿಂದ ಟೇಪು ತೆಗೆದು, ಹಿಂದಿನಂತೆ ಕೊರಳಿಗೆ ಹಾಕಿಕೊಂಡರು. ಕೆಳಗೆ ಸದ್ದಿರಲಿಲ್ಲ. ಕೋಣೆಯಲ್ಲೂ ಇರಲಿಲ್ಲ.

"ರೈಟ್," ಎಂದರು ತಮ್ಮಷ್ಟಕ್ಕೆ. ಪೆಡಲು ತುಳಿದರು.