ಎತ್ತಿದ ಎಡಗೈ

ಬರೆಯುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕಾಕಾನ ಟಬ್ಬು ನೀಲಿ ಬಣ್ಣದ್ದು ಎಂದು ನಾನು ಬಹಳ ದಿನ ಎಲ್ಲರಿಗೂ ಹೇಳಿಕೊಂಡು ಬಂದೆ. ಆಮೇಲೆ ಹೋಗಿ ನೋಡಿದರೆ ಬೂದು ಬಣ್ಣದ್ದಿತ್ತು. ಆ ದಿನದ ನನ್ನ ಡೈರಿಯಲ್ಲಿ ಇರುವುದು ಇಷ್ಟೇ: 'ಅಪ್ಪ ಗಣೇಶಗುಡಿಗೆ ಹೋಗಿ ಬಂದ. ಊಟ ಬೇಡ ಅಂದ.' ಉಳಿದದ್ದನ್ನೆಲ್ಲ ನಾನು ಆಮೇಲೆ ಸಿಟ್ಟಿನಲ್ಲಿ ಕೂಡಿಸಿಕೊಂಡೆ. ಸಿಟ್ಟು ನೆನಪನ್ನು ಕಾಯುತ್ತದೋ ತಿದ್ದುತ್ತದೋ ನನಗೆ ತಿಳಿಯದು. ಎರಡು ಸಂಗತಿಗಳಲ್ಲಿ ಮಾತ್ರ ಅನುಮಾನವಿಲ್ಲ. ಅಪ್ಪನ ಎಡಗೈ ಈಗ ತಾನಾಗಿ ಏಳುವುದಿಲ್ಲ. ಅದರ ಸೇಡು ತೀರಿಸಿಕೊಳ್ಳಲು ನಾನು ಎಂಟು ತಿಂಗಳು ಕಾದೆ.

ಕಾಕಾ ಅಪ್ಪನ ಒಬ್ಬನೇ ತಮ್ಮ. ಸಾಂಬ್ರಾಣಿಯಲ್ಲಿ ನಮ್ಮದು ಕಬ್ಬು, ಗೋವಿನಜೋಳದ ಹೊಲ. ಅದನ್ನು ಅಪ್ಪನೇ ನೋಡಿಕೊಂಡು ಬಂದ. ಕಾಕಾ ಬಹಳ ವರ್ಷ ಗೋವಾದ ಹೋಟೆಲೊಂದರ ಜಿಮ್ಮಿನಲ್ಲಿದ್ದು, ಎರಡು ವರ್ಷದ ಹಿಂದೆ ಮರಳಿ ಬಂದು ಗಣೇಶಗುಡಿಯಲ್ಲಿ ಮುಚ್ಚಿಹೋಗಿದ್ದ ಹೋಮ್‌ಸ್ಟೇ ಹಿಡಿದ. ನದಿಯಲ್ಲಿ ರಾಫ್ಟಿಂಗ್ ಮಾಡಿ ಮೈಕೈ ನೋಯಿಸಿಕೊಂಡವರಿಗೆ ಚೈತನ್ಯ ಮರಳಿಸುವುದು, ಸಾಧ್ಯವಾದರೆ ಆಯುಷ್ಯವನ್ನೂ ಹೆಚ್ಚಿಸುವುದು ಅವನ ಹೊಸ ವ್ಯವಹಾರ. ಒಂದು ಕೋಣೆಯ ತುಂಬ ಕೆಂಪು ದೀಪ. ಇನ್ನೊಂದರಲ್ಲಿ ಒಳಗೆ ಮಲಗಿ ಆಮ್ಲಜನಕ ಎಳೆದುಕೊಳ್ಳುವ ಉದ್ದನೆಯ ಚೀಲ. ವಾರಕ್ಕೊಮ್ಮೆ ಒಬ್ಬ ನರ್ಸು ಬಂದು ನರಕ್ಕೆ ವಿಟಮಿನ್ ಬಾಟಲಿ ಏರಿಸುತ್ತಿದ್ದಳು. ಹಿತ್ತಿಲಿನಲ್ಲಿ ಮಂಜುಗಡ್ಡೆಯ ಟಬ್ಬು. ಇದೆಲ್ಲ ಸೇರಿ ಬಯೋಹ್ಯಾಕಿಂಗ್ ಎಂದು ಅವನೇ ನಮಗೆ ಹೇಳಿಕೊಟ್ಟ.

"ಹಂಗಂದ್ರ ಏನೋ ತಮ್ಮಾ?" ಎಂದು ಅಪ್ಪ ಕೇಳಿದ.

"ದೇಹದ ಕೀಲಿ ತಗದು ಒಳಗ ಹೋಗೂದು, ಅಣ್ಣಾ. ವಯಸ್ಸಿನ ಮುಳ್ಳು ಹಿಂದಕ್ಕ ತಿರುವೂದು."

"ಕೀಲಿ ಹಾಕಿದಾವ ಏನರೆ ವಿಚಾರ ಮಾಡೇ ಹಾಕಿರಬೇಕು."

ಕಾಕಾ ನಕ್ಕು, ನಿದ್ದೆ ಮತ್ತು ಎದೆಬಡಿತ ಅಳೆಯುವ ಉಂಗುರವೊಂದನ್ನು ಅಣ್ಣನ ಬೆರಳಿಗೆ ತೊಡಿಸಿದ. ಎರಡು ದಿನ ಬಿಟ್ಟು ಮೊಬೈಲ್ ನೋಡಿ ಹೇಳಿದ: "ನಿನಗ ಅರವತ್ತೊಂದು. ನಿನ್ನ ದೇಹಕ್ಕ ಎಪ್ಪತ್ತೊಂದು ಆಗೈತಿ. ನಿದ್ದೀನೂ ಸರಿ ಇಲ್ಲ."

"ನಾ ನಿದ್ದಿ ಮಾಡೀನೋ ಇಲ್ಲೋ ಅಂತ ಉಂಗರಕ್ಕ ಕೇಳಬೇಕೇನ್ಲೇ?"

ಹೀಗೆ ಹಾಸ್ಯ ಮಾಡಿದ ಅಪ್ಪನೇ ಒಂದು ವಾರದಲ್ಲಿ, ಎದ್ದ ಕೂಡಲೇ "ಇವತ್ತ ಎಷ್ಟು ತೋರಸ್ತೈತಿ ನೋಡವಾ" ಎಂದು ನನ್ನ ಹತ್ತಿರ ಬರತೊಡಗಿದ. ನಾನು ಹಳಿಯಾಳದ ಕಾಲೇಜಿನಲ್ಲಿ ಪಾಠ ಹೇಳುವವಳು. ಮೊಬೈಲ್ ನೋಡಿ, ರಾತ್ರಿಯ ನಿದ್ದೆಗೆ ನೂರಕ್ಕೆ ಎಷ್ಟು ಬಂದಿದೆ ಎಂದು ಓದಿ ಹೇಳುತ್ತಿದ್ದೆ. ಕಡಿಮೆ ಬಂದ ದಿನ ಅವನ ಮುಖ ಸಣ್ಣದಾಗುತ್ತಿತ್ತು. ಹೆಚ್ಚು ಬಂದ ದಿನ ನನಗೂ ಖುಷಿಯಾಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಅಪ್ಪ ರಕ್ತದೊತ್ತಡಕ್ಕೆ ದಿನಕ್ಕೊಂದು ಗುಳಿಗೆ ತೆಗೆದುಕೊಳ್ಳುತ್ತಿದ್ದ. "ಗುಳಿಗಿ ಒಳಗಿದ್ರ ಅಳತಿ ಖರೆ ಬರೂದಿಲ್ಲ, ಎಂಟು ದಿನ ಬಿಡು" ಎಂದು ಕಾಕಾ ಹೇಳಿದ. ಇದನ್ನು ನನ್ನ ಕಿವಿಯಿಂದಲೇ ಕೇಳಿದೆನೋ, ಅವ್ವ ಹೇಳಿದ್ದು ನನ್ನ ಕಿವಿಯಲ್ಲಿ ಕಾಕಾನ ದನಿಯಾಗಿ ಉಳಿದಿದೆಯೋ, ಹೇಳಲಾರೆ. 'ಡಾಕ್ಟರನ್ನು ಕೇಳಿ ಬಿಡು' ಎಂದು ನಾನು ಅಪ್ಪನಿಗೆ ಹೇಳಿದ್ದು ನನಗೆ ನೆನಪಿದೆ. ಮನೆಯಲ್ಲಿ ಬೇರೆ ಯಾರಿಗೂ ಅದು ನೆನಪಿಲ್ಲ.

ಗುಳಿಗೆ ಬಿಟ್ಟ ಆರನೆಯ ದಿನವೋ ಏಳನೆಯ ದಿನವೋ ಕಾಕಾ ಕಾರು ತಂದು ಅಪ್ಪನನ್ನು ಗಣೇಶಗುಡಿಗೆ ಕರೆದೊಯ್ದ. ಅಲ್ಲಿ ಏನಾಯಿತೆಂಬುದನ್ನು ನನಗೆ ಹೇಳಿದ್ದು ಟಬ್ಬಿಗೆ ಮಂಜುಗಡ್ಡೆ ಸುರಿಯುವ ಕೆಲಸದ ಹೆಂಗಸು. ಹತ್ತಿರದ ಹಳ್ಳಿಯ ಸಿದ್ದಿ ಮನೆತನದವಳು, ಮಾತಿಗೆ ಅಂಜುವವಳಲ್ಲ. ಕಾಕಾನ ಮಂಜುಗಡ್ಡೆ ದಾಂಡೇಲಿಯ ಮೀನಿನ ಅಂಗಡಿಯಿಂದ ಬರುತ್ತಿತ್ತು.

"ನಿಮ್ಮ ಅಪ್ಪಾರು ಇಳದ್ರು, ಮೂಗು ಹಿಂಗ ಮಾಡಿದ್ರು. ಏನು ವಾಸನಿ ಇದು ಅಂದ್ರು. ನಾ ಹೇಳಿಬಿಟ್ನಿ, ಮೀನದ ಬರ್ಫ ಐತ್ರೀ ಅಂತ. ಸಾವಕಾರ್ರು ನನ್ನ ಮಾರಿ ಹೆಂಗ ನೋಡಿದ್ರು ಅಂದ್ರ, ನನ್ನನ್ನ ಬರ್ಫದಾಗ ಹುಗೀತಾರ ಅಂತ ಮಾಡಿದ್ನಿ."

ಅಪ್ಪನ ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗವಿತ್ತು. ತೆಗೆದು ಗೂಟಕ್ಕೆ ಹಾಕು ಎಂದು ಕಾಕಾ ಅಂದ. ಅಪ್ಪ ಮೈಯಿಂದ ಲಿಂಗ ಇಳಿಸುವವನಲ್ಲ, ಮೀನಿನ ನೀರಿನಲ್ಲಿ ಅದನ್ನು ಅದ್ದುವವನೂ ಅಲ್ಲ. ಕರಡಿಗೆಯನ್ನು ಎಡಗೈ ಮುಷ್ಟಿಯಲ್ಲಿ ಹಿಡಿದು, ಕೊರಳಿನ ದಾರ ಎಷ್ಟು ಬಿಡುತ್ತದೋ ಅಷ್ಟು ಮೇಲೆತ್ತಿ ಕೂತ. ಕಾಕಾ ಫೋಟೋ ತೆಗೆಯತೊಡಗಿದ. ಅಷ್ಟರಲ್ಲಿ ಕೆಂಪು ದೀಪದ ಕೋಣೆ ಒರೆಸಲು ಆ ಹೆಂಗಸು ಒಳಗೆ ಹೋದಳು. ಅಪ್ಪ ನೀರಿನಲ್ಲಿ ಎಷ್ಟು ಹೊತ್ತು ಕೂತಿದ್ದನೆಂಬುದು ಅವಳಿಗೆ ಗೊತ್ತಿಲ್ಲ.

ಮರುದಿನ ಮುಂಜಾನೆ ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತ. ಎಂದಿನಂತೆ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡ. ಅಂಗೈ ವಾಲಿತು. ಲಿಂಗ ಜಾರಿ ನೆಲಕ್ಕೆ ಬಿತ್ತು.

ನಮ್ಮ ಮನೆಯಲ್ಲಿ ಲಿಂಗ ನೆಲಕ್ಕೆ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಹೊಲಸ ನೀರಾಗ ಕುಂತು ಬಂದ್ರಿ, ಅದಕ್ಕ ಹಿಂಗಾತು" ಎಂದಳು. ನನ್ನ ಕಡೆ ತಿರುಗಿ, "ಹೋಗವಾ, ಅಯ್ಯನವರನ್ನ ಕರಕೊಂಡು ಬಾ" ಎಂದಳು. ನಾವೆಲ್ಲ ಬಿದ್ದ ಲಿಂಗವನ್ನು ನೋಡುತ್ತಿದ್ದೆವು. ಅದು ಯಾವ ಕೈಯಿಂದ ಬಿತ್ತೋ ಆ ಕೈಯನ್ನು ಯಾರೂ ನೋಡಲಿಲ್ಲ. ಧಾರವಾಡದಲ್ಲಿ ಎಂ.ಎ. ಓದಿದ ನಾನು ಸ್ಕೂಟರ್ ಹತ್ತಿ ಮಠಕ್ಕೆ ಹೋದೆ. ಅಯ್ಯನವರ ಪೂಜೆ ಮುಗಿಯುವವರೆಗೆ ಕಟ್ಟೆಯ ಮೇಲೆ ಕಾದೆ. ಒಂದು ತಾಸೋ, ಎರಡೋ. ಎರಡು ಎಂದು ಅವ್ವ ಹೇಳುತ್ತಾಳೆ.

ಅಯ್ಯನವರು ಮನೆಗೆ ಬಂದು ಕೂರಲೂ ಇಲ್ಲ. ಅಪ್ಪನ ಮುಖ ನೋಡಿ ನನಗೆ ಹೇಳಿದರು: "ತಂಗೀ, ಲಿಂಗದ ಮಾತು ಆಮ್ಯಾಲ. ನಿಮ್ಮಪ್ಪನ ಬಾಯಿ ಸೊಟ್ಟ ಆಗೈತಿ. ಮೊದಲ ಗಾಡಿ ತರಸು."

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಎಂದರು. ಮಂಜುನೀರಿನಿಂದಲೇ ಆಯಿತೇ ಎಂದು ನಾನು ಡಾಕ್ಟರನ್ನು ಮೂರು ಸಲ ಕೇಳಿದೆ. ಹಾಗೆ ಹೇಳಲು ಬರುವುದಿಲ್ಲ ಎಂದರು. ಗುಳಿಗೆ ಬಿಟ್ಟದ್ದು ತಪ್ಪು, ತಡವಾಗಿ ತಂದದ್ದೂ ತಪ್ಪು ಎಂದರು. ಮೊದಲನೆಯ ತಪ್ಪನ್ನು ನಾನು ಆಸ್ಪತ್ರೆಯ ಬಾಗಿಲಲ್ಲೇ ಕಾಕಾನ ತಲೆಗೆ ಕಟ್ಟಿದೆ. ಎರಡನೆಯದನ್ನು ಡೈರಿಯಲ್ಲಿ ಕೂಡ ಬರೆಯಲಿಲ್ಲ.

"ಎರಡ ನಿಮಿಷ ಕುಂತಿದ್ದ, ಅಷ್ಟ. ಹೊಸಬರಿಗೆ ಎರಡ ನಿಮಿಷ. ನಾನ ಕೈ ಹಿಡದು ಎಬ್ಬಿಸೀನಿ" ಎಂದು ಕಾಕಾ ಎಲ್ಲರೆದುರು ಹೇಳಿದ.

ಅಪ್ಪನ ಬಾಯಿ ಬೇಗ ನೆಟ್ಟಗಾಯಿತು, ಮಾತು ಸ್ಪಷ್ಟವಾಯಿತು. ಕಾಲು ಎಳೆದುಕೊಂಡು ನಡೆಯತೊಡಗಿದ. ಕೈ ಮಾತ್ರ ಬರಲಿಲ್ಲ. ಕಾಕಾ ಹದಿನೈದು ದಿನಕ್ಕೊಮ್ಮೆ ಹಣ್ಣು ತೆಗೆದುಕೊಂಡು ಬರುತ್ತಿದ್ದ, ಅಪ್ಪ ಅವನೊಡನೆ ನಗುನಗುತ್ತ ಮಾತಾಡುತ್ತಿದ್ದ. ನಾನು ಬಾಗಿಲಲ್ಲಿ ನಿಂತು ಕಾಕಾನ ಕೈಗಳನ್ನು ನೋಡುತ್ತಿದ್ದೆ. ಬಾಳೆಹಣ್ಣು ಸುಲಿಯಲು ಎರಡೂ ಕೈ ಬಳಸುತ್ತಿದ್ದ. ಆ ಎಡಗೈ ಒಂದು ದಿನ, ಒಂದೇ ಒಂದು ದಿನ, ಏಳದೆ ಹೋಗಲಿ ಎಂದು ನಾನು ಬಯಸಿದ್ದೇನೆ. ಒಮ್ಮೆಯಲ್ಲ, ಅವನು ಬಂದಾಗೆಲ್ಲ.

ಅವನು ಆ ಫೋಟೋವನ್ನು ಮಾತ್ರ ಬಿಡಲಿಲ್ಲ. ದಾಂಡೇಲಿಯಿಂದ ಗಣೇಶಗುಡಿಗೆ ಹೋಗುವ ರಸ್ತೆಯ ತಿರುವಿನಲ್ಲಿ ದೊಡ್ಡ ಫ್ಲೆಕ್ಸ್ ಹಾಕಿಸಿದ್ದ. ಅದರಲ್ಲಿ ಅಪ್ಪ ಮಂಜಿನ ನೀರಿನಲ್ಲಿ ಕೂತು ಎಡ ಮುಷ್ಟಿ ಎತ್ತಿದ್ದಾನೆ, ಮೇಲೆ 'ಅರವತ್ತೊಂದರಲ್ಲೂ ಹರೆಯ' ಎಂದಿದೆ. ಮುಷ್ಟಿಯೊಳಗಿನ ಕರಡಿಗೆ ಕಾಣುವುದಿಲ್ಲ. ನೋಡಿದವರಿಗೆ ಅದು ಗೆದ್ದವನ ಕೈ. ತೆಗೆಸು ಎಂದು ನಾನು ಹೇಳಿದರೆ ಅಪ್ಪನೇ ತಡೆದ: "ಇರ್ಲಿ ಬಿಡವಾ. ಅದರಾಗರೆ ಕೈ ಎತ್ತೀನಲ್ಲ."

ಒಂದು ದಿನ ಜೋಯಿಡಾಕ್ಕೆ ಪರೀಕ್ಷಾ ಕೆಲಸಕ್ಕೆಂದು ಹೋಗುವಾಗ, ಎದುರಿನ ನೀಲಗಿರಿ ಕಟ್ಟಿಗೆಯ ಲಾರಿಗೆ ದಾರಿ ಬಿಡಲು ನಮ್ಮ ಬಸ್ಸು ಸರಿಯಾಗಿ ಆ ಫ್ಲೆಕ್ಸ್ ಕೆಳಗೆ ನಿಂತಿತು. ಅಪ್ಪನ ಮುಷ್ಟಿಯನ್ನು ನೋಡಲಾರದೆ ನಾನು ಫೋಟೋದಲ್ಲಿ ಅವನ ಹಿಂದಿದ್ದ ಗೋಡೆಯನ್ನು ನೋಡಿದೆ. ಅಲ್ಲಿ ಕೆಂಪು ಅಂಕಿಗಳ ಟೈಮರ್ ಇತ್ತು. ಅದರಲ್ಲಿ 9:40 ಎಂದಿತ್ತು.

ಬಸ್ಸಿನಿಂದಲೇ ಕಾಕಾನಿಗೆ ಫೋನ್ ಮಾಡಿದೆ. ಅವನು ತಡವರಿಸಲಿಲ್ಲ. "ಅದು ಹತ್ತರಿಂದ ಇಳಕೋತ ಬರ್ತೈತಿ, ಮಗಳ. ಫೋಟೋ ತಗದಾಗ ಇಪ್ಪತ್ತು ಸೆಕೆಂಡ್ ಆಗಿತ್ತು, ಅಷ್ಟ."

ಇರಬಹುದು ಎನಿಸಿತು. ಇರಲಿಕ್ಕಿಲ್ಲ ಎಂದೂ ಎನಿಸಿತು. ಇಪ್ಪತ್ತು ಸೆಕೆಂಡಿಗೆ ಅಪ್ಪನ ತುಟಿ ಆ ಬಣ್ಣಕ್ಕೆ ತಿರುಗುತ್ತಿತ್ತೇ? ಅಥವಾ ಅದು ಫ್ಲೆಕ್ಸಿನ ಬಣ್ಣವೋ?

ಮುಂದಿನ ರವಿವಾರ ಗಣೇಶಗುಡಿಗೆ ಹೋದೆ. ಟಬ್ಬಿನ ಸುತ್ತ ಪುಣೆಯ ಕಡೆಯ ನಾಲ್ಕೈದು ಗಿರಾಕಿಗಳು ಟವೆಲ್ ಹೊದ್ದು ನಿಂತಿದ್ದರು. ಟೈಮರ್ ಅದೇ ಗೋಡೆಯ ಮೇಲಿತ್ತು, ಅಂಕಿಗಳು ಆರಿಹೋಗಿದ್ದವು. ಕಾಕಾ ನನ್ನನ್ನು ನೋಡಿ ಹಿಗ್ಗಿ, "ನಮ್ಮ ಅಣ್ಣನ ಮಗಳು, ಕಾಲೇಜಿನಾಗ ಲೆಕ್ಚರರ್" ಎಂದು ಪರಿಚಯಿಸಿದ.

ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: "ಕಾಕಾ, ನೀ ಇದರಾಗ ಕುಂತಿದ್ದು ನಾ ಒಮ್ಮಿನೂ ನೋಡಿಲ್ಲ."

"ದಿನಾ ಮುಂಜಾನೆ ಕುಂದರ್ತೀನಿ."

"ಹಂಗಾದ್ರ ಇವತ್ತ ಇವರ ಮುಂದ ಕುಂದರು. ನಾ ಟೈಮ್ ನೋಡ್ತೀನಿ."

ಗಿರಾಕಿಗಳು ಮೊಬೈಲ್ ಹೊರತೆಗೆದರು. ಕೆಲಸದ ಹೆಂಗಸು ಎರಡು ಬುಟ್ಟಿ ಮಂಜುಗಡ್ಡೆ ಸುರಿದು, "ಸಾವಕಾರ್ರು ನೀರಿಗೆ ಇಳಿಯೂದು ನಾನೂ ಇವತ್ತ ನೋಡ್ತೀನಿ" ಎಂದು ಬುಟ್ಟಿಗೆ ಹೇಳುವಂತೆ ಹೇಳಿದಳು. ಕಾಕಾ ಕೊರಳಿನ ಲಿಂಗ ತೆಗೆದು ಗೂಟಕ್ಕೆ ಹಾಕಿ, ಕುತ್ತಿಗೆಯವರೆಗೆ ಮುಳುಗಿ ಕೂತ. ನಾನು ಗುಂಡಿ ಒತ್ತಿದೆ.

0:01. 0:02. 0:03.

ಅಂಕಿ ಹತ್ತರಿಂದ ಇಳಿಯುತ್ತಿರಲಿಲ್ಲ, ಏರುತ್ತಿತ್ತು. ಕಾಕಾ ನನ್ನನ್ನು ನೋಡಿದ, ನಾನು ಅವನನ್ನು. ಬೇರೆ ಯಾರಿಗೂ ಏನೂ ತಿಳಿಯಲಿಲ್ಲ.

ಎರಡು ನಿಮಿಷಕ್ಕೆ ಅವನು ಏಳಲು ಹೋದ. ನಾನು ಅವನ ಟವೆಲನ್ನು ನನ್ನ ಹೆಗಲಿಗೆ ಹಾಕಿಕೊಂಡು, "ಅಪ್ಪನ ಫೋಟೋದಾಗ ಒಂಬತ್ತು ನಾಲ್ವತ್ತು ಐತಲ್ಲ" ಎಂದೆ. ಮೊಬೈಲುಗಳು ಅವನ ಕಡೆಗೇ ಇದ್ದವು. ಮತ್ತೆ ಕೂತ. ನಾಲ್ಕಕ್ಕೆ ಹಲ್ಲು ಕಟಕಟ ಎನ್ನತೊಡಗಿದವು. ಐದಕ್ಕೆ ತುಟಿ ಫ್ಲೆಕ್ಸಿನ ತುಟಿಯ ಬಣ್ಣಕ್ಕೆ ಬಂತು. ಸುಳ್ಳು ಬರೆಯಲಾರೆ, ಅದು ನನಗೆ ಹಿತವೆನಿಸಿತು. ಎಂಟು ತಿಂಗಳಲ್ಲಿ ಅಷ್ಟು ಹಿತವಾದದ್ದು ಬೇರೆ ಯಾವುದೂ ಇರಲಿಲ್ಲ.

ನಾನು ಬಗ್ಗಿ ಅವನ ಕಿವಿಯ ಹತ್ತಿರ ಕೇಳಿದೆ: "ಅಪ್ಪ ಸಾಕು ಅಂದಾಗ ಎಷ್ಟು ತೋರಸ್ತಿತ್ತು, ಕಾಕಾ?"

"ಅಂವ ಸಾಕು ಅನ್ನಲೇ ಇಲ್ಲ." ಹಲ್ಲುಗಳ ನಡುವೆ ಮಾತು ತುಂಡುತುಂಡಾಗಿ ಬಂತು. "ಎರಡು ನಿಮಿಷಕ್ಕ ಏಳು ಅಂದ್ನಿ. ಫೋಟೋ ಛಂದ ಬರ್ಲಿ ತಡಿ, ನಿನಗ ಗಿರಾಕಿ ಬರ್ತಾರ ಅಂದ."

"ಸುಳ್ಳು."

"ಹೋಗಿ ಅವನ್ನ ಕೇಳು. ಮತ್ತ ಮರುದಿನ ದವಾಖಾನಿ ಬಿಟ್ಟು ಮಠಕ್ಕ ಹೋದವ್ರು ಯಾರು, ಅದನ್ನೂ ಕೇಳು."

ನಾನು ಟವೆಲ್ ಕೊಡಲಿಲ್ಲ. ಆ ಹೆಂಗಸೇ ಬುಟ್ಟಿ ಕೆಳಗಿಟ್ಟು ಬಂದು, ಅವನ ಕಂಕುಳಿಗೆ ಕೈ ಹಾಕಿ ಮಗುವನ್ನು ಎತ್ತುವಂತೆ ಹೊರಗೆಳೆದಳು. ಟೈಮರ್ 6:15 ತೋರಿಸುತ್ತಿತ್ತು. "ಸಾಕ್ರಿ ಅಕ್ಕಾರ" ಎಂದಳು ನನಗೆ. "ಒಂದ ಮನ್ಯಾಗ ಎರಡು ಕೈ ಹೋಗೂದು ಛಲೋ ಅಲ್ಲ."

ಕಾಕಾನಿಗೆ ಏನೂ ಆಗಲಿಲ್ಲ. ಗಿರಾಕಿಗಳು ಚಪ್ಪಾಳೆ ತಟ್ಟಿದರಂತೆ, ನಾನು ಅಷ್ಟರಲ್ಲಿ ಹೊರಟಿದ್ದೆ.

ಜೋಯಿಡಾದ ಆರೋಗ್ಯಾಧಿಕಾರಿಗಳಿಗೆ ಬರೆದ ದೂರು ನನ್ನ ಡೈರಿಯೊಳಗೆ ಮಡಚಿ ಇಟ್ಟಿದೆ. ಗುಳಿಗೆ ಬಿಡಿಸಿದ್ದು, ಮೀನಿನ ಮಂಜುಗಡ್ಡೆ, ಒಂಬತ್ತು ನಿಮಿಷ ನಲವತ್ತು ಸೆಕೆಂಡು, ಎಲ್ಲ ಬರೆದಿದ್ದೇನೆ. 'ಹೊರಗೆ ಬರುತ್ತೇನೆಂದು ಕೇಳಿದರೂ ಕೂರಿಸಿದರು' ಎಂಬ ಒಂದು ಸಾಲಿಗೆ ಮಾತ್ರ ಜಾಗ ಬಿಟ್ಟಿದ್ದೇನೆ. ಆ ಸಾಲು ಸಿಕ್ಕರೆ ಕಾಕಾ ಉಳಿಯುವುದಿಲ್ಲ. ಸಿಗದಿದ್ದರೆ ಉಳಿಯುವ ತಪ್ಪುಗಳಲ್ಲಿ ನನ್ನದೂ ಒಂದು.

ಈಗ ಅಪ್ಪ ಪೂಜೆಗೆ ಕೂತಾಗ ಅವ್ವ ಎದುರಿಗೆ ಕೂತು ಅವನ ಎಡಗೈಯ ಕೆಳಗೆ ತನ್ನ ಎರಡೂ ಅಂಗೈ ಒಡ್ಡುತ್ತಾಳೆ, ಲಿಂಗ ವಾಲದಂತೆ. ನಾನು ಗಣೇಶಗುಡಿಯಿಂದ ಬಂದ ಮರುದಿನ ಅವಳು ಪತ್ರೆ ತರಲು ಹಿತ್ತಿಲಿಗೆ ಹೋಗಿದ್ದಳು, ನಾನು ಅವಳ ಜಾಗದಲ್ಲಿ ಕೂತೆ. ಅಪ್ಪನ ಕೈ ನನ್ನ ಕೈಯ ಮೇಲೆ ಭಾರವಾಗಿ, ತಣ್ಣಗೆ ಇತ್ತು. ಮೆಲ್ಲಗೆ ಕೇಳಿದೆ. ಅವನಿಗೆ ಕೇಳಿಸಿತು, ಬಲಗೈ ವಿಭೂತಿಯ ಮೇಲೆ ನಿಂತದ್ದನ್ನು ನಾನು ನೋಡಿದೆ. ದೃಷ್ಟಿಯನ್ನು ಲಿಂಗದಿಂದ ಎತ್ತಲಿಲ್ಲ. ಅದಾಗಿ ಇಪ್ಪತ್ತು ದಿನಗಳಾದವು. ಊಟಕ್ಕೆ ಕರೆಯುತ್ತಾನೆ, ಕಾಲೇಜಿನ ಸುದ್ದಿ ಕೇಳುತ್ತಾನೆ, ಅವತ್ತು ನಾನು ಕೇಳಿದ ಇದೊಂದಕ್ಕೆ ಮಾತ್ರ ಏನೂ ಹೇಳಿಲ್ಲ:

"ಅಪ್ಪಾ, ಅವತ್ತ ಆ ನೀರಾಗ ಕುಂತಾಗ ನೀ ಸಾಕು ಅಂದಿದ್ಯೋ, ಅನ್ನಲಿಲ್ಲೋ?"