ಉಸಿರಿಲ್ಲದ ಹುಣಸೆಮರ

ಮದುವೆಯಾದಂದಿನಿಂದ ನಾನು ಏನು ಹೇಳಿದರೂ ನಮ್ಮ ಯಜಮಾನರದು ಒಂದೇ ಉತ್ತರ: ಹೂಂ. ಗ್ಯಾಸ್ ಮುಗಿದಿದೆ ಎಂದರೂ ಹೂಂ, ನಿಮ್ಮ ಅಂಗಿಗೆ ಬೆಂಕಿ ಹತ್ತಿದೆ ಎಂದರೂ ಹೂಂ. ಎರಡನೆಯದನ್ನು ಪರೀಕ್ಷೆಗೆಂದೇ ಒಮ್ಮೆ ಹೇಳಿ ನೋಡಿದ್ದೇನೆ. ಅವರು ಪೇಪರಿನ ಪುಟ ತಿರುಗಿಸಿದರು. ತುಂಬಿದ ತರಗತಿಗಳನ್ನು ಬರೀ ದನಿಯಿಂದಲೇ ಹಿಡಿದು ಕೂರಿಸಿದ ಮಾಸ್ತರಿಣಿ ನಾನು. ಮನೆಯಲ್ಲಿ ಒಬ್ಬ ಕೇಳುಗ ಸಿಗಲಿಲ್ಲ.

ಹಾಗಾಗಿ ಹೋದ ವರ್ಷ, ಧಾರವಾಡದ ಸಪ್ತಾಪುರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗ ಬಂದು, "ಆಂಟಿ, ನನ್ನ ಕಿರುಚಿತ್ರಕ್ಕ ನಿಮ್ಮ ಧ್ವನಿ ಬೇಕ್ರಿ" ಎಂದಾಗ, ಮುಖಕ್ಕೆ ಬಿಗುಮಾನ ತಂದುಕೊಂಡು ಒಳಗೊಳಗೇ ಕುಣಿದೆ. ಅವನ ಕಾಲೇಜಿನ ಸಭಾಂಗಣದಲ್ಲಿ ಪ್ರದರ್ಶನವಂತೆ. ಅಲ್ಲಿ ಕತ್ತಲೆ, ಪೇಪರ್ ಇಲ್ಲ, ಫೋನು ತೆಗೆಯುವಂತಿಲ್ಲ. ಯಜಮಾನರು ನನ್ನ ಮಾತು ಕೇಳಲೇಬೇಕು.

ಚಿತ್ರದಲ್ಲಿ ಗಡ್ಡದ ಯುವಕನೊಬ್ಬ ಹುಣಸೆಮರದ ಕೆಳಗೆ ಕೂತು ಆಕಾಶ ನೋಡುತ್ತಾನೆ. ಆಮೇಲೆ ಎದ್ದು, ಇನ್ನೊಂದು ಬದಿಯಿಂದ ಆಕಾಶ ನೋಡುತ್ತಾನೆ. ನಾನು ಮರದ ಧ್ವನಿ. "ನಾನು ಮೌನ" ಎಂದು ಶುರುಮಾಡುವ ಮರ ಆಮೇಲೆ ಬಾಯಿ ಮುಚ್ಚುವುದೇ ಇಲ್ಲ.

ರೆಕಾರ್ಡಿಂಗ್ ನಮ್ಮ ಮಲಗುವ ಕೋಣೆಯಲ್ಲೇ. ಹೊರಗಿನ ಸದ್ದು ಬರಬಾರದೆಂದು ಹುಡುಗ ಕಿಟಕಿಗೆ ಗಾದಿ ಒರಗಿಸಿ, ಫ್ಯಾನ್ ಆರಿಸಿ, ನನ್ನ ತಲೆಗೆ ನನ್ನದೇ ಕೌದಿ ಹೊದಿಸಿದ. ಬೆವರುತ್ತಾ "ನಾನು ಮೌನ" ಎಂದೆ.

"ಫೀಲ್ ಬರವಲ್ದರೀ ಆಂಟಿ. ಸ್ವಲ್ಪ ನೋವು ಹಾಕ್ರಿ."

ನೋವು ಹಾಕಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯಾಕೆ ಓಣಿಗೆಲ್ಲ ಕೇಳುವಂತೆ ಕೂಗಿದಳು: "ನೀರ ಬಂದಾವ್ರೀ!"

ವಾರ ಕಾದ ಮೇಲೆ ಬಂದ ನೀರು. ಅದನ್ನು ಬಿಟ್ಟು ಕಲೆಯನ್ನು ಹಿಡಿದು ಕೂರುವ ಕಲಾವಿದ ಧಾರವಾಡದಲ್ಲಿ ಇನ್ನೂ ಹುಟ್ಟಿಲ್ಲ. ಕೌದಿ ಕಿತ್ತೆಸೆದು ಓಡಿದೆ. ನಿರ್ದೇಶಕರು ನನಗಿಂತ ಮೊದಲೇ ತಮ್ಮ ಕೊಡದೊಂದಿಗೆ ನಳದ ಮುಂದಿದ್ದರು. ಬ್ಯಾರಲ್ಲಿನಿಂದ ಚರಿಗೆಯವರೆಗೆ ಎಲ್ಲ ತುಂಬಿಸಿ, ಏದುಸಿರು ಬಿಡುತ್ತಾ ಬಂದು ಮತ್ತೆ ಕೌದಿಯೊಳಗೆ ಕೂತೆ.

"ಈಗ ನೋವು ಛಲೋ ಬಂತ್ರಿ!" ಎಂದು ಹುಡುಗ ಹಿಗ್ಗಿದ. ಅದು ಸೊಂಟದ ನೋವು.

ಮರುದಿನ ಲ್ಯಾಪ್‌ಟಾಪ್ ಮುಂದೆ ಎಡಿಟಿಂಗ್. ಪ್ರತಿ ಸಾಲಿಗೂ ಮೊದಲು ನನ್ನ ಉಸಿರಿನ ಸದ್ದು. ಹುಡುಗ ಅಕ್ಕಿಯಲ್ಲಿನ ಹರಳು ಆರಿಸಿದಂತೆ ಒಂದೊಂದನ್ನೇ ಹುಡುಕಿ ತೆಗೆದುಹಾಕಿದ.

"ಎಲ್ಲಾ ಯಾಕ ತಗೀತಿ? ಒಂದೆರಡು ಇರ್ಲಿ" ಎಂದೆ.

"ಗಿಡ ಎಲ್ಲಿ ಉಸರಾಡ್ತಾವ್ರಿ ಆಂಟಿ?"

ಗಿಡಗಳು ಉಸಿರಾಡುತ್ತವೆ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿಯೇ ನಿವೃತ್ತಳಾದವಳು ನಾನು. ಆದರೂ ವಾದಿಸಲಿಲ್ಲ, ಚಿತ್ತವೆಲ್ಲ ಪ್ರದರ್ಶನದ ಮೇಲಿತ್ತು. ಅವನು ಮೇಲಿಂದ ಒಂದಿಷ್ಟು ಪ್ರತಿಧ್ವನಿಯನ್ನೂ ಸುರಿದ.

ಪ್ರದರ್ಶನದ ದಿನ ಒಳ್ಳೆಯ ಸೀರೆ ಉಟ್ಟು ಯಜಮಾನರ ಪಕ್ಕ ಕೂತೆ. ಧ್ವನಿ ನನ್ನದೆಂದು ಮನೆಯಲ್ಲಿ ನೂರು ಸಲ ಹೇಳಿದ್ದೆ, ನೂರು ಸಲವೂ ಹೂಂ ಎಂದಿದ್ದರು. ಈಗ ಮಾತ್ರ ಕಣ್ಣು ಮಿಟುಕಿಸದೆ, ಕೊನೆಯವರೆಗೂ ಕೇಳಿದರು. ದೀಪ ಹತ್ತಿದ ಕೂಡಲೇ ಅವರ ಕಡೆ ತಿರುಗಿದೆ.

"ಹೆಂಗಿತ್ರೀ?"

"ಆ ಹೆಣ್ಣಮಗಳ ಧ್ವನಿ ಭಾಳ ಛಲೋ ಐತಿ. ಯಾರು ಅಕಿ?"

"ನಾನ ರೀ!"

"ಸುಳ್ಳ ಹೇಳಬ್ಯಾಡ. ನೀ ಮಾತಾಡೂ ಮುಂಚೆ ಒಮ್ಮೆ ಜೋರಾಗಿ ಉಸರ ಎಳಕೋತಿ. ಅಕಿ ಎಲ್ಲೂ ಎಳಕೊಳ್ಳಲಿಲ್ಲ."

ನನ್ನ ಉಸಿರನ್ನೂ ಗುರುತಿಟ್ಟ ಮನುಷ್ಯನನ್ನು ಇಷ್ಟು ವರ್ಷ ಕಿವುಡನೆಂದು ಬೈದುಕೊಂಡೆನಲ್ಲ ಎಂದು ಕರಗಿಹೋದೆ.

"ಅದೆಲ್ಲಾ ನಿಮಗ ಗೊತ್ತೈತೇನ್ರೀ?"

"ಗೊತ್ತಿಲ್ದ ಏನು? ಅದು ಕೇಳಿದ ಕೂಡ್ಲೆ ಹೂಂ ಅಂದುಬಿಡ್ತೇನಿ. ಮುಂದಿಂದು ಕೇಳೂ ಕೆಲಸ ಇರೂದಿಲ್ಲ."

ತಕ್ಕ ಉತ್ತರ ಕೊಡಬೇಕೆಂದು ಜೋರಾಗಿ ಉಸಿರೆಳೆದುಕೊಂಡೆ.

"ಹೂಂ" ಎಂದರು.