ಕಾತ್ರಜ ಘಾಟಿನಲ್ಲಿ ತಮ್ಮನ ಕಾರು

ದಸರೆಯ ದಿನ ಮಧ್ಯಾಹ್ನ ನಾಲ್ಕೂಕಾಲಿಗೆ ಅವ್ವ ನನ್ನ ತಮ್ಮನ ಕಾರಿಗೆ ಹಾರ ಕಟ್ಟಿದಳು. ಅನಾಹುತ ಶುರುವಾದದ್ದು ಘಾಟಿನಲ್ಲಲ್ಲ, ಆಗಲೇ, ಪುಣೆಯ ನಮ್ಮ ಮನೆಯ ಕಟ್ಟೆಯ ಮುಂದೆ. ಹೊರಡಲು ತಡವಾಗುತ್ತಿದೆಯೆಂದು ನಾನು ಸಿಟ್ಟಿನಿಂದ ಗಡಿಯಾರ ನೋಡಿದ್ದೆ. ಅದಕ್ಕೇ ಹೊತ್ತು ನೆನಪಿದೆ.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಖಡಕಿಯ ದಂಡಿನಿಂದ ವಿಲಾಯತಿಗೆ ಮರಳುತ್ತಿದ್ದ ಸಾಹೇಬನೊಬ್ಬನ ಕಾರನ್ನು ತಮ್ಮ ಕೊಂಡಿದ್ದ. ಮೇಲೆ ಹೊದಿಕೆಯಿಲ್ಲದ ಓಟದ ಗಾಡಿ. ಮುಂದೆ ಇಬ್ಬರಿಗೆ ಮಾತ್ರ ಜಾಗ. ಹಿಂದಿನ ಮುಚ್ಚಳ ಎತ್ತಿದರೆ ಇನ್ನೊಬ್ಬರು ಅಲ್ಲಿ ಮುದುಡಿ ಕೂಡಬಹುದು. ಮುದುಡುವ ಜಾಗ ಯಾವಾಗಲೂ ನನ್ನದು.

ಇಬ್ಬರೂ ಒಂದೇ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವರು. ನಾನು ಫಸ್ಟ್ ಕ್ಲಾಸ್, ಅವನು ಸೆಕೆಂಡ್ ಕ್ಲಾಸ್. ನಾನು ಕಚೇರಿಯಲ್ಲಿ ಫೈಲು ತಿರುವುತ್ತಿದ್ದೆ. ಅವನು ಹಗಲು ಅಪ್ಪನ ಅರಿವೆ ಅಂಗಡಿಯಲ್ಲಿ ಕೂತು, ಸಂಜೆ ಕಾರಿನ ಕೆಳಗೆ ಅಂಗಾತ ಮಲಗುತ್ತಿದ್ದ. ಆದರೆ ಓಣಿಯವರು ನಿಂತು ಮಾತಾಡಿಸುತ್ತಿದ್ದುದು ಅವನನ್ನೇ.

ಹಳೆಯ ಇಂಜಿನ್ ತೆಗೆದು, ಜಖಂ ಆದ ಅಮೆರಿಕದ ಕಾರೊಂದರ ದೊಡ್ಡ ಇಂಜಿನ್ನನ್ನು ಆ ಸಣ್ಣ ಬಾನೆಟ್ಟಿನೊಳಗೆ ತುರುಕಿದ್ದ. ಗಾಡಿ ಹಾರುತ್ತಿತ್ತು, ಜೊತೆಗೆ ಕುದಿಯುತ್ತಲೂ ಇತ್ತು. ಇಂಜಿನ್ನಿನ ಸುತ್ತ ಕೈ ತೂರಿಸುವಷ್ಟೂ ಸಂದಿಯಿರಲಿಲ್ಲ, ಬಿಸಿ ಹೋಗುವುದೆಲ್ಲಿಗೆ? ಮುಂದಿನ ಜಾಲರಿ ಅಗಲ ಮಾಡಿದ. ಫ್ಯಾನಿನ ಸುತ್ತ ತಗಡಿನ ಬಳೆ ಕೂರಿಸಿದ. ಹೊಗೆಯ ಪೈಪಿಗೆ ಕಲ್ನಾರಿನ ಹಗ್ಗ ಸುತ್ತಿ, ಅದನ್ನು ಎಡಗಡೆ ಹೊರಗೇ ಹಾಯಿಸಿದ. ಅದರಿಂದ ಎಡಬಾಗಿಲು ಶಾಶ್ವತವಾಗಿ ಮುಚ್ಚಿಹೋಯಿತು. ಹತ್ತುವುದು ಇಳಿಯುವುದು ಎಲ್ಲ ಅವನ ಬದಿಯಿಂದಲೇ.

ಇಷ್ಟಾದರೂ ಕುದಿತ ನಿಲ್ಲಲಿಲ್ಲ. ಉಪಾಯ ಹೇಳಿದವಳು ನನ್ನ ಹೆಂಡತಿ.

"ಭಾವೋಜಿ, ಒಲಿಗೆ ಮುಂದಿಂದ ಎಷ್ಟ ಊದಿದ್ರೇನ್ರಿ? ಹೊಗಿ ಹೋಗಲಿಕ್ಕೆ ಮ್ಯಾಲ ಕಿಂಡಿ ಬೇಕಲ್ಲ?"

ತಮ್ಮ ಹಣೆ ಬಡಿದುಕೊಂಡ. "ವೈನಿ, ಈ ಮನ್ಯಾಗ ಖರೇ ಫಿಜಿಕ್ಸ್ ಕಲ್ತಾಕಿ ನೀವ ಒಬ್ಬಾಕಿ ನೋಡ್ರಿ!"

ಹೇಳುವಾಗ ಅವನು ನೋಡಿದ್ದು ನನ್ನ ಕಡೆ. ಇಬ್ಬರೂ ನಕ್ಕರು. ಅವಳು ನನಗಾಗಿ ಸ್ವೆಟರ್ ಹೆಣೆಯಲು ತಂದಿದ್ದ ಉಣ್ಣೆಯ ನೂಲನ್ನು ತುಂಡು ತುಂಡು ಮಾಡಿ ಬಾನೆಟ್ಟಿನ ಮೇಲೆ ಅಂಟಿಸಿದಳು. ಗಾಡಿ ಓಡುವಾಗ ನೂಲು ಎತ್ತ ಹಾರುತ್ತದೋ ಗಾಳಿ ಅತ್ತ. ಗಾಳಿ ಒಳಗಿನ ಬಿಸಿಯನ್ನು ಹೊರಗೆಳೆದುಕೊಳ್ಳುವ ಕಡೆ ತಮ್ಮ ಸಾಲಾಗಿ ಸೀಳುಗಂಡಿ ಕೊರೆದ. ಕುದಿತ ನಿಂತಿತು. ನನ್ನ ಸ್ವೆಟರಿಗೆ ಒಂದು ತೋಳು ಇಲ್ಲದೆಯೇ ಚಳಿಗಾಲ ಕಳೆಯಿತು.

ಇನ್ನು ದಸರೆ. ಗಾಡಿಗೆ ಪೂಜೆ ಮಾಡಿ, ಸೀಮೋಲ್ಲಂಘನಕ್ಕೆಂದು ಊರ ಸೀಮೆ ದಾಟಿ ಬರುವುದು ನಮ್ಮಲ್ಲಿ ರೂಢಿ. ತಮ್ಮ ಕಾತ್ರಜ ಘಾಟು ಹತ್ತಿ ಬರೋಣ ಎಂದ. ಅವ್ವ ತೋಳಿನಷ್ಟು ದಪ್ಪದ ಚೆಂಡುಹೂವಿನ ಹಾರವನ್ನು ಒಂದು ದೀಪದಿಂದ ಇನ್ನೊಂದಕ್ಕೆ ಸುತ್ತು ಸುತ್ತಾಗಿ ಬಿಗಿದು, ನಡುವೆ ಮಾವಿನ ತಳಿರು, ಬನ್ನಿಯ ಟೊಂಗೆ ಸಿಕ್ಕಿಸಿದಳು. ಜಾಲರಿ ಕಾಣದಾಯಿತು. ರೇಡಿಯೇಟರಿನ ಮುಚ್ಚಳದ ಮೇಲಿದ್ದ ಶಾಖಮಾಪಕವೂ ಹೂವಿನಡಿ ಹೋಯಿತು.

"ಅವ್ವಾ, ಗಾಳಿ ಬಂದ್ ಆಗ್ತದ."

"ಆಗವಲ್ದ್ಯಾಕ? ಪೂಜಿ ಹಾರ ಸೀಮಿ ದಾಟಿ ಬರೂತನಕಾ ಬಿಚ್ಚಬಾರದು. ನಿನ್ನ ಇಂಜಿನಕ್ಕ ದೇವರಕಿಂತ ಗಾಳಿ ದೊಡ್ಡದಾತೇನು?"

ಗೆಣ್ಣು ಗೆಣ್ಣು ಅಳೆದು ಗಾಳಿಗೆ ದಾರಿ ಮಾಡಿದವನು ಹಾರದ ಕೊನೆಯ ಗಂಟಿಗೆ ತಾನೇ ಬೆರಳು ಕೊಟ್ಟ. ನಮ್ಮ ಮನೆಯಲ್ಲಿ ಅವಳ ಪೂಜೆಗೆ ಇಲ್ಲ ಅಂದವರು ಯಾರೂ ಇರಲಿಲ್ಲ. ಹೆಂಡತಿ ಹೊಸ ಇಳಕಲ್ ಸೀರೆಯುಟ್ಟು ಮುಂದೆ ಅವನ ಪಕ್ಕ ಕೂತಳು. ನಾನು ಹಿಂದೆ.

ದಾರಿಯುದ್ದಕ್ಕೂ ನನಗೆ ಕಂಡದ್ದು ಎರಡು ತಲೆಗಳು. ಗಾಳಿಯ ಸದ್ದಿಗೆ ಮಾತು ಕೇಳಿಸದೆ ಅವು ಒಂದರ ಹತ್ತಿರ ಒಂದು ಬಾಗುತ್ತಿದ್ದವು. ಏನು ಹೇಳುತ್ತಾನೆ ಅಷ್ಟೊಂದು? ಅವಳು ಯಾಕೆ ಅಷ್ಟು ನಗಬೇಕು? ಘಾಟಿನ ಏರು ಬಂದದ್ದೂ ನನ್ನ ಗಮನಕ್ಕೆ ಬರಲಿಲ್ಲ.

ಮುಂದೆ ಬಂಡಿಗಳ ಸಾಲು. ಅವುಗಳ ಹಿಂದೆ ಸಣ್ಣ ಗೇರಿನಲ್ಲಿ ತೆವಳಬೇಕಾಯಿತು. ಮೊದಲು ಬೇಯುವ ಹೂವಿನ ವಾಸನೆ, ಆಮೇಲೆ ಪೆಟ್ರೋಲಿನದು. ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ತಮ್ಮ ಹಾರಿ ಇಳಿದು ಬಾನೆಟ್ ಎತ್ತಿದ. ಎತ್ತಿದ್ದೇ ತಡ, ಒಳಗಿದ್ದ ಬೆಂಕಿ ಭಗ್ಗೆಂದು ಎದ್ದು ಹಿಂದಕ್ಕೆ, ಗಾಜಿನ ಕಡೆಗೆ ಬಾಗಿತು.

ಎಡಬಾಗಿಲಿಲ್ಲ. ಬಲಗಡೆ ಸ್ಟೀರಿಂಗು. ಅವಳು ಎದ್ದು ನಿಂತಳು, ಸೀರೆ ಹ್ಯಾಂಡ್‌ಬ್ರೇಕಿಗೆ ಸಿಕ್ಕಿತು, ಮತ್ತೆ ಕೂತಳು. ಕೂಗಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಅವಳು ಹಾಗೆ ಮತ್ತೆ ಕೂತದ್ದೇ ಕಾಣುತ್ತದೆ. ನಾನು ಹಿಂದಿನಿಂದ ಬಗ್ಗಿ, ಸಿಕ್ಕ ತೋಳು ಹಿಡಿದು, ಸೀಟಿನ ಮೇಲಿಂದ ನನ್ನ ಕಡೆ ಎಳೆದೆ. ಸೀರೆ ಹರಿಯಿತು. ಇಬ್ಬರೂ ರಸ್ತೆಗೆ ಬಿದ್ದೆವು.

ತಮ್ಮ ಬರಿಗೈಯಲ್ಲಿ ಹಾರ ಕಿತ್ತೆಸೆದು ಬೆಂಕಿಯ ಮೇಲೆ ಮಣ್ಣು ತೂರುತ್ತಿದ್ದ. ಬಂಡಿಯವರೂ ಓಡಿಬಂದು ಮಣ್ಣು ಸುರಿದರು. ಬೆಂಕಿ ಆರಿತು.

ಅವಳು ಆಡಿದ ಮೊದಲ ಮಾತು: "ಭಾವೋಜಿ ಕೈ ನೋಡ್ರಿ, ಕೈ!"

ನಾನಲ್ಲ, ನನ್ನ ಹಿಡಿತವಲ್ಲ; ಅವನ ಕೈ.

ಎರಡೂ ಅಂಗೈ ಸುಟ್ಟಿದ್ದವು. ಅವನಿಗೆ ಉಣ್ಣಲು ಬರುತ್ತಿರಲಿಲ್ಲ. ಹಾರ ಕಟ್ಟಿದ ಅವ್ವ ಅಳುವುದರಲ್ಲೇ ಇದ್ದಳು. ಹೀಗಾಗಿ ತುತ್ತು ಕಲಸಿ ಬಾಯಿಗಿಡುವ ಕೆಲಸ ನನ್ನ ಹೆಂಡತಿಗೆ ಬಂತು.

"ಇನ್ನೊಂದು ತುತ್ತು, ಸಾಹೇಬ್ರ. ಬಾನೆಟ್ ತಗದಂಗ ಬಾಯಿ ತಗೀಬ್ಯಾಡ್ರಿ, ಸಣ್ಣಗ ತಗೀರಿ."

"ವೈನಿ, ಸಾರು ಸುಡ್ತದರಿ. ಗಾಳಿ ಹಾಕ್ರಿ."

ನಾನು ಅದೇ ಅಡುಗೆಮನೆಯಲ್ಲಿ ನನ್ನ ತಟ್ಟೆಗೆ ನಾನೇ ಸಾರು ಬಡಿಸಿಕೊಂಡು ಉಂಡೆ. ಸುಟ್ಟದ್ದು ನನ್ನ ಕೈಯಾದರೂ ಆಗಬಾರದಿತ್ತೇ ಅನ್ನಿಸಿತು.

ರಾತ್ರಿಗಳಲ್ಲಿ ನಿದ್ದೆ ಇರಲಿಲ್ಲ, ನನಗೂ, ಅವಳಿಗೂ. ಮೊದಲು ನನ್ನ ಕಡೆ ಮುಖ ಮಾಡಿ ಮಲಗುತ್ತಿದ್ದವಳು ಈಗ ಬೆನ್ನು ತಿರುಗಿಸುತ್ತಿದ್ದಳು. ಉಸಿರು ಕೇಳಿದರೆ ಎಚ್ಚರಿದ್ದಾಳೆಂದು ಗೊತ್ತಾಗುತ್ತಿತ್ತು. ಯಾರ ಚಿಂತೆಯೆಂದು ನಾನು ಕೇಳಲಿಲ್ಲ. ಉತ್ತರ ನನಗೆ ಗೊತ್ತೇ ಇದೆಯಲ್ಲ!

ಒಂದು ಬೆಳಗ್ಗೆ ಕಚೇರಿಗೆ ಹೊರಟವನು ಮರೆತ ಕರವಸ್ತ್ರಕ್ಕೆ ಕೋಣೆಗೆ ತಿರುಗಿ ಬಂದೆ. ಅವಳು ಕನ್ನಡಿಯ ಮುಂದೆ ತುರುಬು ಕಟ್ಟಲು ನಿಂತಿದ್ದಳು. ಬಲಗೈ ತಲೆಯ ಹಿಂದಿತ್ತು. ಎಡಗೈ ಎದೆಯ ಮಟ್ಟಕ್ಕೆ ಬಂದು ಅಲ್ಲಿಂದ ಮೇಲೇಳುತ್ತಿರಲಿಲ್ಲ. ಮುಖ ಬೆವರಿತ್ತು.

"ಏನಾಗೇದ ಕೈಗೆ?"

"ಏನಿಲ್ರಿ."

ಹತ್ತಿರ ಹೋಗಿ ಸೆರಗು ಸರಿಸಿ ಕುಪ್ಪಸದ ತೋಳು ಮೇಲೆತ್ತಿದೆ. ಭುಜದಿಂದ ಮೊಣಕೈತನಕ ಚರ್ಮ ನೀಲಿಗಟ್ಟಿ, ಅಂಚಿನಲ್ಲಿ ಹಳದಿಯಾಗುತ್ತಿತ್ತು. ನಡುವೆ ನನ್ನ ಬೆರಳುಗಳು, ಐದೂ ಎಣಿಸುವಂತೆ.

"ಈ ಮಗ್ಗಲಿಗೆ ಮಲಗಲಿಕ್ಕೆ ಆಗೂದಿಲ್ರಿ," ಎಂದಳು. "ನೀವು ಜೀವಾ ಉಳಿಸೀರಿ. ಅದ ನೋಯ್ತದ ಅಂತ ನಿಮ್ಮ ಮುಂದ ಹ್ಯಾಂಗ ಹೇಳ್ಲಿ?"

ಕಚೇರಿಗೆ ಚೀಟಿ ಕಳಿಸಿ ಟಾಂಗಾದಲ್ಲಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆ. ಕೀಲು ಜಾರಿಲ್ಲ, ಒಳಗೆ ಸ್ನಾಯು ಹರಿದಿದೆ ಎಂದು ಡಾಕ್ಟರು ತೋಳನ್ನು ಎದೆಗೆ ಸೇರಿಸಿ ಪಟ್ಟಿ ಕಟ್ಟಿದರು. ನೋವಿಗೆ ಪುಡಿ ಕೊಟ್ಟರು. ಮಧ್ಯಾಹ್ನ ನಾನು ಅನ್ನ ಕಲಸಿ ಎದುರಿಗೆ ಕೂತಾಗ ಅವಳಿಗೆ ನಗು. "ನನ್ನ ಬಲಗೈ ಛಲೋ ಅದರೀ!" ನಾನು ಕೇಳಲಿಲ್ಲ. ಅವಳು ಬಾಯಿ ತೆರೆದಳು.

ಅದು ಬುಧವಾರ. ಆ ರಾತ್ರಿ ಪುಡಿ ನುಂಗಿ ಅಂಗಾತ ಮಲಗಿದವಳಿಗೆ ಗಾಢ ನಿದ್ದೆ ಹತ್ತಿತು, ಒಂದು ಸಲವೂ ಮಿಸುಕಲಿಲ್ಲ. ಕಣ್ಣು ಮುಚ್ಚಿದರೆ ಬೆಂಕಿ ಬರುತ್ತದೆಂದು ನಾನು ಕಾದೆ. ಯಾವಾಗ ಕಾಯುವುದು ಬಿಟ್ಟೆನೋ ತಿಳಿಯದು. ಬಿಸಿಲು ಕಾಲಿಗೆ ಬಿದ್ದಾಗ ತಮ್ಮ ಬಾಗಿಲ ಹೊರಗೆ ನಿಂತು ಮೆಲ್ಲಗೆ ಕೇಳುತ್ತಿದ್ದ: "ಅಣ್ಣಾ, ವೈನಿ ಹ್ಯಾಂಗದಾರ?"

"ಮಲಗ್ಯಾಳ," ಎಂದೆ. "ಎಬ್ಬಸಬ್ಯಾಡ, ಹೋಗು."